ಏಕಟ್ಠಿ, ದ್ರವ್ಯಮನ ಮತ್ತು ಗಣಕಯಂತ್ರ: ಚೈತನ್ಯವು ಗಣನವ್ಯಾಪಾರವೇ ಎಂಬ ವಿಚಾರ

ಶ್ರುತದ ಅಕ್ಷರಗಳೆಷ್ಟು ಎಂಬ ಪ್ರಶ್ನೆಗೆ ಜೈನಾಚಾರ್ಯರು ಖಚಿತವಾದ ಒಂದು ಸಂಖ್ಯೆಯಿಂದ ಉತ್ತರ ಕೊಟ್ಟಿರುವುದು ಸಿದ್ಧಾಂತಗ್ರಂಥಗಳನ್ನು ಬಲ್ಲವರಿಗೆ ವಿದಿತವೇ ಆಗಿದೆ. ಮೂವತ್ತಮೂರು ವ್ಯಂಜನಗಳು, ಹ್ರಸ್ವ ದೀರ್ಘ ಪ್ಲುತ ಭೇದದಿಂದ ಇಪ್ಪತ್ತೇಳು ಸ್ವರಗಳು, ನಾಲ್ಕು ಯೋಗವಾಹಗಳು, ಹೀಗೆ ಮೂಲವರ್ಣಗಳು ೬೪. ಇವುಗಳ ಏಕಸಂಯೋಗ, ದ್ವಿಸಂಯೋಗ ಮೊದಲ್ಗೊಂಡು ಅರುವತ್ತನಾಲ್ಕು ಸಂಯೋಗದವರೆಗಿನ ಭಂಗಗಳನ್ನೆಲ್ಲ ಕೂಡಿದರೆ ಬರುವುದು ೧೮೪೪೬೭೪೪೦೭೩೭೦೯೫೫೧೬೧೫. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡದಲ್ಲಿ ಇದರ ಕರಣಸೂತ್ರವಿದೆ. ಅರುವತ್ತನಾಲ್ಕನ್ನು ವಿರಳನ ಮಾಡಿ, ಒಂದೊಂದು ರೂಪದ ಮೇಲೂ ಎರಡನ್ನಿಟ್ಟು, ಅವನ್ನು ಪರಸ್ಪರ ಗುಣಿಸಿ, ಬಂದ ರಾಶಿಯಲ್ಲಿ ಒಂದನ್ನು ಕಳೆಯುವುದು ಅದರ ಕ್ರಮ. ಮಧ್ಯಮಪದವೊಂದರ ಅಕ್ಷರಗಳು ೧೬೩೪೮೩೦೭೮೮೮. ಆ ಸಂಖ್ಯೆಯಿಂದ ಮೇಲಿನ ರಾಶಿಯನ್ನು ಭಾಗಿಸಿದರೆ ಅಂಗಪ್ರವಿಷ್ಟದ ಪದಗಳು ೧೧೨೮೩೫೮೦೦೫. ಉಳಿಯುವ ೮೦೧೦೮೧೭೫ ಅಕ್ಷರಗಳು ಅಂಗಬಾಹ್ಯಕ್ಕೆ ಸಲ್ಲುತ್ತವೆ. ಓಲೆಯಿಂದ ಓಲೆಗೆ ಇಷ್ಟು ಶತಮಾನ ಇಳಿದುಬಂದ ಈ ಅಂಕಗಳನ್ನು ಇಂದು ಯಾರಾದರೂ ಗುಣಿಸಿ ಕೂಡಿ ನೋಡಬಹುದು. ಒಂದು ಅಂಕವೂ ತಪ್ಪಿಲ್ಲ.

ಎರಡರ ಈ ವರ್ಗಧಾರೆಯಲ್ಲಿ ಬರುವ ರಾಶಿಗಳಿಗೆ ಪ್ರಾಕೃತದಲ್ಲಿ ಹೆಸರುಗಳೂ ಉಂಟು. ೬೫೫೩೬ಕ್ಕೆ ಪಣ್ಣಟ್ಠಿ, ಅದರ ವರ್ಗವಾದ ೪೨೯೪೯೬೭೨೯೬ಕ್ಕೆ ಬಾದಾಲ, ಅದರ ವರ್ಗಕ್ಕೆ ಏಕಟ್ಠಿ. ಶಕ ೧೨೮೧ರಲ್ಲಿ, ಎಂದರೆ ಕ್ರಿ.ಶ. ೧೩೫೯ರಲ್ಲಿ, ಗೊಮ್ಮಟಸಾರಕ್ಕೆ ಕರ್ಣಾಟಕವೃತ್ತಿಯನ್ನು ಬರೆದು ಮುಗಿಸಿದ ಕೇಶವಣ್ಣನ ಮೂಲಕ ಈ ಗಣಿತವು ಕನ್ನಡಕ್ಕೂ ಬಂದಿತು. ಆ ವೃತ್ತಿಯ ಆಧಾರದ ಮೇಲೆಯೇ ಮುಂದೆ ಸಂಸ್ಕೃತ ಟೀಕೆಯೂ, ಅದರಿಂದ ಜಯಪುರದ ಟೋಡರಮಲ್ಲರ ಭಾಷಾವಚನಿಕೆಯೂ ಹುಟ್ಟಿದವು. ಉತ್ತರದ ಸ್ವಾಧ್ಯಾಯಪರಂಪರೆಗೆ ಕನ್ನಡದ ಒಬ್ಬ ವೃತ್ತಿಕಾರನ ಋಣವೆಷ್ಟೆಂಬುದನ್ನು ಅಲ್ಲಿಯವರು ಒಮ್ಮೊಮ್ಮೆ ಮರೆಯುವುದುಂಟು.

ಪಣ್ಣಟ್ಠಿ, ಬಾದಾಲ, ಏಕಟ್ಠಿ ಈ ಮೂರೂ ಕ್ರಮವಾಗಿ ಹದಿನಾರು, ಮೂವತ್ತೆರಡು, ಅರುವತ್ತನಾಲ್ಕು ದ್ವಿಮಾನ ಸ್ಥಾನಗಳ ಗಣಕಯಂತ್ರಗಳು ಒಂದು ಕೋಷ್ಠದಲ್ಲಿ ತಾಳಬಲ್ಲ ಭಿನ್ನ ಅವಸ್ಥೆಗಳ ಸಂಖ್ಯೆಗಳೇ ಆಗಿವೆ. ಕೋಷ್ಠದ ಅರುವತ್ತನಾಲ್ಕು ಸ್ಥಾನಗಳೂ ತುಂಬಿದಾಗ ಅದರಲ್ಲಿರುವುದು ಶ್ರುತಾಕ್ಷರಗಳ ಸಂಖ್ಯೆ. ಇದನ್ನು ಕಂಡು ಪೂರ್ವಾಚಾರ್ಯರು ಗಣಕಯಂತ್ರವನ್ನು ಮುಂದಾಗಿಯೇ ಅರಿತಿದ್ದರೆಂದು ಹಿಗ್ಗುವುದು ಪಾಂಡಿತ್ಯಕ್ಕೆ ತಕ್ಕುದಲ್ಲ. ವರ್ಣವೊಂದು ಸಂಯೋಗದಲ್ಲಿ ಇರುವುದು ಅಥವಾ ಇಲ್ಲದಿರುವುದು ಎಂಬ ಎರಡೇ ಪಕ್ಷಗಳು ಅರುವತ್ತನಾಲ್ಕು ಬಾರಿ ಬಂದರೆ ಸಂಖ್ಯೆ ಇದಾಗದೆ ಬೇರೆಯಾಗಲಾರದು. ಆದರೆ ಈ ಸಾಮ್ಯದಿಂದ ನಿಜವಾದ ಒಂದು ಪ್ರಶ್ನೆ ಏಳುತ್ತದೆ. ಶ್ರುತದ ಅಕ್ಷರಗಳನ್ನು ಎಣಿಸಬಹುದಾದರೆ, ಎಣಿಸಿದ್ದನ್ನು ಯಂತ್ರದಲ್ಲಿ ಇಡಬಹುದಾದರೆ, ಯಂತ್ರವು ಅವುಗಳನ್ನು ನಿಯಮಾನುಸಾರ ಕೂಡಿಸಿ ಕಳೆದು ಪ್ರಶ್ನೆಗೆ ಉತ್ತರವನ್ನೂ ಹೇಳಬಲ್ಲುದಾದರೆ, ಜ್ಞಾನವೆಂಬುದು ಆ ಗಣನವ್ಯಾಪಾರಕ್ಕಿಂತ ಬೇರೆಯೇನು?

ಮಂಗಳೂರು ನಗರದ ಉತ್ತರಭಾಗದ ಕಾಟಿಪಳ್ಳವು ಈ ಪ್ರಶ್ನೆಯ ಎರಡು ನೆಲೆಗಳ ನಡುವಿನಲ್ಲಿರುವ ಊರು. ಅದರ ಸಮೀಪದ ಸುರತ್ಕಲ್ಲಿನಲ್ಲಿ ೧೯೬೦ರಲ್ಲಿ ಸ್ಥಾಪಿತವಾಗಿ ೨೦೦೨ರಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಾದ ಇಂಜಿನಿಯರಿಂಗ್ ಕಾಲೇಜಿದೆ; ಮೂಡಣಕ್ಕೆ ಒಂದು ಹಗಲಿನ ನಡಿಗೆಯಷ್ಟು ದೂರದಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಡವೋಲೆಗಳನ್ನು ಕಾಪಾಡಿದ ಮೂಡಬಿದಿರೆಯ ಗುರುಬಸದಿಯಿದೆ. ಒಂದೆಡೆ ಗಣನೆಯ ಯಂತ್ರ, ಇನ್ನೊಂದೆಡೆ ಗಣನೆಯನ್ನೂ ಅದನ್ನು ಅರಿಯುವ ಉಪಯೋಗವನ್ನೂ ಬೇರೆ ಬೇರೆಯಾಗಿ ನಿರೂಪಿಸಿದ ಶಾಸ್ತ್ರ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ನೆಲ ಬಿಟ್ಟೇಳಬೇಕಾದ ಒಕ್ಕಲುಗಳಿಗೆ ಕಾಟಿಪಳ್ಳದಲ್ಲಿ ನೆಲೆ ಕೊಡಲಾಯಿತು. ಅಲ್ಲಿಯ ಬ್ಲಾಕುಗಳನ್ನು ಜನರು ಇಂದಿಗೂ ಎರಡನೆಯದು, ಮೂರನೆಯದು ಎಂದು ಸಂಖ್ಯೆಯಿಂದಲೇ ಕರೆಯುತ್ತಾರೆ. ಈ ಸಣ್ಣ ಸಂಗತಿ ಮುಂದೆ ಪ್ರಯೋಜನಕ್ಕೆ ಬರುವುದು.

ಚೈತನ್ಯವನ್ನು ಗಣನೆಯೆಂದು ಹೇಳುವ ಪಕ್ಷವು ಪಶ್ಚಿಮದಲ್ಲಿ ಕಳೆದ ಶತಮಾನದ ಮಧ್ಯದಿಂದ ಬೆಳೆಯಿತು. ಅಲನ್ ಟ್ಯೂರಿಂಗ್ ೧೯೩೬ರಲ್ಲಿ ಗಣನೆಯ ಲಕ್ಷಣವನ್ನು ನಿಷ್ಕರ್ಷಿಸಿ, ೧೯೫೦ರಲ್ಲಿ ಯಂತ್ರವು ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನು ಎತ್ತಿದನು. ಹಿಲರಿ ಪಟ್ನಮ್ ೧೯೬೦ರ ದಶಕದಲ್ಲಿ ಮನೋವೃತ್ತಿಗಳೆಲ್ಲ ವ್ಯಾಪಾರರೂಪವಾದ ಅವಸ್ಥೆಗಳೆಂದು ಪ್ರತಿಪಾದಿಸಿದನು. ಈ ಪಕ್ಷವನ್ನು ಸಾಮಾನ್ಯವಾಗಿ ಭೌತವಾದದ ಒಂದು ಶಾಖೆಯೆಂದೇ ತಿಳಿಯಲಾಗುತ್ತದೆ. ಆದರೆ ತನ್ನ ಪಕ್ಷವು ಆತ್ಮವಾದಕ್ಕೂ ವಿರುದ್ಧವಲ್ಲವೆಂದು ಪಟ್ನಮ್ ತಾನೇ ಒಪ್ಪಿದ್ದನು. ೧೯೮೮ರ ವೇಳೆಗೆ ಆ ಪಕ್ಷವನ್ನೇ ಬಿಟ್ಟನು. ಆದುದರಿಂದ ಗಣನಾವಾದಕ್ಕೂ ಭೌತವಾದಕ್ಕೂ ಇರುವ ಸಂಬಂಧ ಹೊರಗೆ ಕಾಣುವಷ್ಟು ಸರಳವಲ್ಲ. ಆ ಸಂಬಂಧವನ್ನು ಶೋಧಿಸಲು ಜೈನಗ್ರಂಥಗಳಲ್ಲಿರುವ ಸಾಮಗ್ರಿ ಸಾಮಾನ್ಯವಾಗಿ ಎಣಿಸಿರುವುದಕ್ಕಿಂತ ಹೆಚ್ಚು.

ಮೊದಲು ಮಹಾಬಲನ ಆಸ್ಥಾನವನ್ನು ನೆನೆಯಬೇಕು. ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿಯೂ ಕ್ರಿ.ಶ. ೯೪೧ರ ಪಂಪನ ಆದಿಪುರಾಣದಲ್ಲಿಯೂ ಬರುವ ಈ ಪ್ರಸಂಗದಲ್ಲಿ ನಾಲ್ವರು ಮಂತ್ರಿಗಳು ಚೈತನ್ಯವನ್ನು ಕುರಿತು ವಾದಿಸುತ್ತಾರೆ. ಮಹಾಮತಿಯದು ಲೋಕಾಯತಮತ, ಸಂಭಿನ್ನಮತಿಯದು ವಿಜ್ಞಾನವಾದ, ಶತಮತಿಯದು ನೈರಾತ್ಮ್ಯ; ಸ್ವಯಂಬುದ್ಧನು ಜಿನಮತವನ್ನು ನಿಲ್ಲಿಸುತ್ತಾನೆ. ಲೋಕಾಯತರ ಪ್ರಸಿದ್ಧ ದೃಷ್ಟಾಂತ ಮದ್ಯದ್ದು. ಹಿಟ್ಟು, ಬೆಲ್ಲ, ಧಾತಕಿಯ ಹೂ ಇವುಗಳಲ್ಲಿ ಬಿಡಿಬಿಡಿಯಾಗಿ ಕಾಣದ ಮದಶಕ್ತಿಯು ಕೂಡಿದಾಗ ಹೇಗೆ ತೋರುವುದೋ ಹಾಗೆ ಭೂತಗಳ ಕೂಟದಿಂದ ಚೈತನ್ಯ ತೋರುವುದೆಂಬುದು ಅವರ ವಾದ. ಕಾಯ ಮತ್ತು ಚೈತನ್ಯಗಳು ಒರೆ ಮತ್ತು ಕತ್ತಿಯಂತೆ ಭಿನ್ನವಾಗಿ ಭಾಸವಾಗುತ್ತವೆಂಬುದು ಸ್ವಯಂಬುದ್ಧನ ಮರುಮಾತುಗಳಲ್ಲಿ ಒಂದು. ಸಮಂತಭದ್ರರ ಯುಕ್ತ್ಯನುಶಾಸನದಿಂದ ಹಿಡಿದು ಅಕಲಂಕ, ವಿದ್ಯಾನಂದ, ಪ್ರಭಾಚಂದ್ರರವರೆಗೆ ಈ ಖಂಡನೆ ಬೆಳೆದುಬಂದಿತು.

ಈಗಿನ ಗಣನಾವಾದಿಯನ್ನು ಈ ಸಭೆಗೆ ಕರೆತಂದರೆ ಅವನು ಯಾರ ಪಕ್ಕದಲ್ಲಿ ಕುಳಿತಾನು? ಮಹಾಮತಿಯ ಪಕ್ಕದಲ್ಲಿ ಎಂದು ಒಮ್ಮೆಲೇ ಹೇಳುವುದು ಅವಿಚಾರವಾದೀತು. ಮಹಾಮತಿಗೆ ದ್ರವ್ಯ ಮುಖ್ಯ. ಧಾತಕಿಯ ಹೂವಿನ ಬದಲು ಬೂದಿಯನ್ನು ಹಾಕಿದರೆ ಮದ್ಯವಾಗದು. ಗಣನಾವಾದಿಗೆ ದ್ರವ್ಯ ಯಾವುದಾದರೂ ಆಗಬಹುದು. ಕವಡೆಯಾಗಲಿ, ಲೋಹದ ಚಕ್ರವಾಗಲಿ, ಸಿಲಿಕಾನಿನ ಹಲಗೆಯಾಗಲಿ, ಮಿದುಳಿನ ತಂತುವಾಗಲಿ, ನಿಯಮವು ಒಂದೇ ಆಗಿದ್ದರೆ ಗಣನೆಯೂ ಒಂದೇ. ಚೈತನ್ಯವು ಭೂತಗಳಲ್ಲಿಲ್ಲ, ಅವುಗಳ ರಚನಾಕ್ರಮದಲ್ಲಿದೆ ಎಂದು ಹೇಳಿದೊಡನೆಯೇ ಅವನು ಲೋಕಾಯತನ ಆಸನದಿಂದ ಅರ್ಧ ಎದ್ದಂತಾಯಿತು. ಅವನ ವಾದದ ಬಲವೂ ತೊಡಕೂ ಇದೇ.

ಗಣನೆಯು ಎಲ್ಲಿರುತ್ತದೆ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ. ಕಾಟಿಪಳ್ಳದ ಮೂರನೆಯ ಬ್ಲಾಕಿನ ಮುರಕಲ್ಲಿನಲ್ಲಿ ಸ್ಪರ್ಶ, ರಸ, ಗಂಧ, ವರ್ಣಗಳಿವೆ; ಸಂಸ್ಥಾನವಿದೆ, ಸ್ಥೌಲ್ಯವಿದೆ. ‘ಮೂರು’ ಇಲ್ಲ. ಅದು ಮೂರನೆಯದಾದದ್ದು ಹಂಚಿಕೊಟ್ಟವರ ಎಣಿಕೆಯಿಂದ, ಇಂದಿಗೂ ಮೂರನೆಯದಾಗಿ ಉಳಿದಿರುವುದು ಕರೆಯುವವರ ಸಂಕೇತದಿಂದ. ಗಣಕಯಂತ್ರದ ವಿಷಯವೂ ಹೀಗೆಯೇ. ಅರುವತ್ತನಾಲ್ಕು ಸ್ಥಾನಗಳೂ ತುಂಬಿರುವ ಕೋಷ್ಠವನ್ನು ಧನಸಂಖ್ಯೆಗಳ ಸಂಕೇತದಿಂದ ಓದಿದರೆ ಅದು ಏಕಟ್ಠಿಗೆ ಒಂದು ಕಡಮೆ, ಎಂದರೆ ದ್ವಾದಶಾಂಗ ಮತ್ತು ಅಂಗಬಾಹ್ಯಗಳ ಸಮಸ್ತ ಅಕ್ಷರರಾಶಿ. ಅದೇ ಕೋಷ್ಠವನ್ನು, ಯಂತ್ರಜ್ಞರಲ್ಲಿ ಅಷ್ಟೇ ರೂಢವಾಗಿರುವ, ಋಣಸಂಖ್ಯೆಗಳನ್ನೂ ಒಳಗೊಳ್ಳುವ ಸಂಕೇತದಿಂದ ಓದಿದರೆ ಅದು ಋಣ ಒಂದು. ಪುದ್ಗಲದಲ್ಲಿ ಒಂದು ಪರಮಾಣುವೂ ಕದಲಿಲ್ಲ. ಸಂಖ್ಯೆ ಮಾತ್ರ ಆಕಾಶಪಾತಾಳಗಳಷ್ಟು ಬದಲಾಯಿತು. ಶಬ್ದಾದಿಗಳು ವಸ್ತುವನ್ನು ತಿಳಿಸುವುದು ಸಹಜಯೋಗ್ಯತೆ ಮತ್ತು ಸಂಕೇತ ಎರಡರ ಬಲದಿಂದ ಎಂದು ಮಾಣಿಕ್ಯನಂದಿಗಳು ಪರೀಕ್ಷಾಮುಖದಲ್ಲಿ ಹೇಳಿರುವುದು ಇಲ್ಲಿ ಅನ್ವಯಿಸುತ್ತದೆ. ಯೋಗ್ಯತೆ ಪುದ್ಗಲದ್ದಾಗಿರಬಹುದು. ಸಂಕೇತಕ್ಕೆ ಸಂಕೇತಿಸುವವನು ಬೇಕು.

ನಿಕ್ಷೇಪದ ಭಾಷೆಯಲ್ಲಿ ಹೇಳುವುದಾದರೆ ಯಂತ್ರದ ಸಂಖ್ಯೆಯು ಸ್ಥಾಪನಾಸಂಖ್ಯೆ. ಅಕ್ಷವನ್ನೋ ಕವಡೆಯನ್ನೋ ಇಟ್ಟು ‘ಇದು ಅದು’ ಎಂದು ಬಗೆಯುವುದೇ ಸ್ಥಾಪನೆ. ಚದುರಂಗದ ಮರದ ತುಂಡನ್ನು ಆನೆ ಎನ್ನುವುದು ಹೇಗೋ ಹಾಗೆ. ಮರದ ಆನೆ ನಿಯಮವನ್ನು ತಪ್ಪದೆ ನಡೆದರೂ ಆನೆಯಾಗದು. ಅಮೆರಿಕದ ಜಾನ್ ಸರ್ಲ್ ೧೯೮೦ರಲ್ಲಿ ಕೊಟ್ಟ ಪ್ರಸಿದ್ಧ ದೃಷ್ಟಾಂತವೂ, ಚೀನೀ ಭಾಷೆಯರಿಯದವನು ಕೋಣೆಯೊಳಗೆ ಕುಳಿತು ನಿಯಮಪುಸ್ತಕದ ಬಲದಿಂದ ಚೀನೀ ಅಕ್ಷರಗಳಲ್ಲಿ ಉತ್ತರ ಕೊಡುವ ದೃಷ್ಟಾಂತವೂ, ಇದಕ್ಕೆ ಸಮೀಪವಾದುದೇ. ಹತ್ತು ವರ್ಷಗಳ ತರುವಾಯ ಅವನು ಗಣನೆಯೆಂಬುದು ಭೌತವಸ್ತುವಿನ ಸ್ವಂತ ಧರ್ಮವೇ ಅಲ್ಲ, ನೋಡುವವನಿಗೆ ಸಾಪೇಕ್ಷವಾದುದು ಎಂದು ಇನ್ನೂ ಮುಂದುವರಿದು ಹೇಳಿದನು. ನಿಕ್ಷೇಪವಿಧಿಯನ್ನು ಬಲ್ಲವರಿಗೆ ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ತೂಕದ್ದಾಗಿ ತೋರುತ್ತದೆ.

ಪ್ರತಿವಾದಿಗೆ ಇಲ್ಲಿ ಒಂದು ಸಮಾಧಾನವಿದೆ, ಅದನ್ನು ಕಡೆಗಣಿಸಲಾಗದು. ‘ಗಣನೆಯೆಂದರೆ ಓದುವವನು ಆರೋಪಿಸಿದ ಅಂಕವಲ್ಲ, ಒಂದು ಅವಸ್ಥೆಯಿಂದ ಇನ್ನೊಂದು ಅವಸ್ಥೆ ನಿಯತವಾಗಿ ಹುಟ್ಟುವ ಕಾರ್ಯಕಾರಣಗಳ ವ್ಯವಸ್ಥೆ, ಅದು ಯಾರು ನೋಡಲಿ ಬಿಡಲಿ ವಸ್ತುವಿನಲ್ಲಿಯೇ ಇದೆ’ ಎಂದು ಅವನು ಹೇಳಬಹುದು. ಒಳ್ಳೆಯದು, ಹಾಗೆಯೇ ಆಗಲಿ. ಆಗ ಆ ವ್ಯವಸ್ಥೆಯು ಪುದ್ಗಲಗಳ ಬಂಧಪರಿಣಾಮವಾಯಿತು. ಎರಡು ಯಂತ್ರಗಳಲ್ಲಿ ‘ಒಂದೇ’ ಗಣನೆಯಿದೆ ಎಂಬುದು ತಿರ್ಯಕ್ ಸಾಮಾನ್ಯ, ಎಂದರೆ ಸದೃಶಪರಿಣಾಮ ಮಾತ್ರ. ಎರಡು ಹಸುಗಳಲ್ಲಿ ಗೋತ್ವವೆಂಬ ಮೂರನೆಯ ವಸ್ತು ನಿತ್ಯವಾಗಿ ಕುಳಿತಿಲ್ಲವೆಂದು ಜೈನನ್ಯಾಯವು ಯೌಗರಿಗೆ ಹೇಳಿದ್ದನ್ನು ಇಲ್ಲಿಯೂ ಹೇಳಬೇಕಾಗುತ್ತದೆ. ಆದುದರಿಂದ ಗಣನಾವಾದಿಯ ಮುಂದೆ ಎರಡು ದಾರಿಗಳಿವೆ. ಗಣನೆಯು ವಸ್ತುವಿನ ಕಾರ್ಯಕಾರಣವೇ ಆದರೆ ಅವನು ಭೌತವಾದಿಯಾಗಿ ಉಳಿದಾನು, ಆದರೆ ಮಹಾಮತಿ ‘ಭೂತಸಂಯೋಗ’ ಎಂದಿದ್ದಕ್ಕಿಂತ ಹೆಚ್ಚೇನನ್ನೂ ಹೇಳಿದಂತಾಗಲಿಲ್ಲ. ಆ ಸಂಯೋಗವು ಏಕೆ ಅರಿವಾಗಬೇಕೆಂಬ ಹಳೆಯ ಪ್ರಶ್ನೆ ಹಳೆಯ ಸ್ಥಳದಲ್ಲಿಯೇ ನಿಂತಿದೆ. ಗಣನೆಯು ಸಂಖ್ಯೆ, ಅರ್ಥ, ನಿಯಮಗಳೆಂಬ ರೂಪದ್ದಾದರೆ ಅವನು ಹೊಸದನ್ನು ಹೇಳಿದನು, ಆದರೆ ಅದನ್ನು ಹಾಗೆಂದು ಅರಿಯುವ ಜ್ಞಾತೃವನ್ನು ಮೊದಲೇ ಒಪ್ಪಿಕೊಂಡನು. ಆ ಜ್ಞಾತೃವೂ ಗಣನೆಯೇ ಎಂದರೆ ಅವನಿಗೆ ಇನ್ನೊಬ್ಬ ಜ್ಞಾತೃ ಬೇಕು, ಅನವಸ್ಥೆ. ಜ್ಞಾನವು ದೀಪದಂತೆ ತನ್ನನ್ನೂ ಪರವನ್ನೂ ಬೆಳಗುವುದೆಂದು ಒಪ್ಪಿದವರಿಗೆ ಮಾತ್ರ ಈ ಅನವಸ್ಥೆಯಿಂದ ಬಿಡುಗಡೆ.

ಇಷ್ಟಕ್ಕೆ ಗೆಲುವನ್ನು ಸಾರುವುದು ಸುಲಭ. ಆದರೆ ಜೈನಸಿದ್ಧಾಂತವು ಯಂತ್ರಕ್ಕೆ ಎಷ್ಟನ್ನು ಬಿಟ್ಟುಕೊಟ್ಟಿದೆ ಎಂಬುದನ್ನು ಪಂಡಿತರೇ ಕೆಲವೊಮ್ಮೆ ಗಮನಿಸುವುದಿಲ್ಲ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಶರೀರ, ವಾಕ್ಕು, ಪ್ರಾಣಾಪಾನಗಳೊಡನೆ ಮನಸ್ಸೂ ಪುದ್ಗಲಗಳ ಉಪಕಾರಗಳ ಸಾಲಿನಲ್ಲಿ ಬರುತ್ತದೆ. ಗುಣದೋಷವಿಚಾರ, ಸ್ಮರಣೆ ಮೊದಲಾದವುಗಳಿಗೆ ಅಭಿಮುಖನಾದ ಆತ್ಮನಿಗೆ ನೆರವಾಗುವ, ಮನಸ್ಸಾಗಿ ಪರಿಣಮಿಸಿದ ಪುದ್ಗಲಗಳೇ ದ್ರವ್ಯಮನವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅವರು ಅಲ್ಲಿಗೆ ನಿಲ್ಲದೆ, ಲಬ್ಧಿ ಮತ್ತು ಉಪಯೋಗಗಳನ್ನು ಲಕ್ಷಣವಾಗುಳ್ಳ ಭಾವಮನವನ್ನೂ, ಅದು ಪುದ್ಗಲವನ್ನು ಅವಲಂಬಿಸುವುದರಿಂದ, ಪೌದ್ಗಲಿಕವೆಂದೇ ಕರೆದಿದ್ದಾರೆ. ಮಾತು ಪುದ್ಗಲ, ಮನೋವರ್ಗಣೆ ಪುದ್ಗಲ, ಜ್ಞಾನವನ್ನು ಮುಚ್ಚುವ ಕರ್ಮವೂ ಪುದ್ಗಲ. ವಿಚಾರಕ್ಕೂ ಸ್ಮರಣೆಗೂ ಭೌತಿಕ ಸಾಧನ ಬೇಕೆಂಬುದರಲ್ಲಿ ಜೈನನಿಗೆ ವಿವಾದವಿಲ್ಲ. ಮದ್ಯದ ದೃಷ್ಟಾಂತವನ್ನೂ ಆಚಾರ್ಯರು ಬೇರೊಂದು ಕಡೆಯಿಂದ ಬಳಸಿಕೊಂಡಿದ್ದಾರೆ: ಮೂರ್ತವಾದ ಮದ್ಯದಿಂದ ಅಮೂರ್ತವಾದ ಅರಿವು ಕುಂದುವುದು ಕಾಣುತ್ತದೆಯಾಗಿ, ಮೂರ್ತಕರ್ಮದಿಂದ ಆತ್ಮನ ಅಭಿಭವವು ಅಸಂಭವವಲ್ಲವೆಂದು. ಒಂದೇ ಮಡಕೆಯ ಮದ್ಯ ಎರಡು ಪಕ್ಷಗಳಿಗೂ ಬಡಿಸಲ್ಪಟ್ಟಿದೆ.

ಅದಕ್ಕಿಂತಲೂ ಮುಖ್ಯವಾದುದು, ಮನಸ್ಸು ಮತ್ತು ಚೈತನ್ಯ ಸಿದ್ಧಾಂತದಲ್ಲಿ ಎರಡು ಕಡೆಯಿಂದಲೂ ಬೇರೆಯಾಗುತ್ತವೆ. ಸೂಕ್ಷ್ಮನಿಗೋದ ಲಬ್ಧ್ಯಪರ್ಯಾಪ್ತಕ ಜೀವಕ್ಕೆ ಮನವಿಲ್ಲ, ಇರುವುದು ಸ್ಪರ್ಶನೇಂದ್ರಿಯವೊಂದೇ. ಆದರೂ ಹುಟ್ಟಿದ ಮೊದಲ ಸಮಯದಲ್ಲಿಯೇ ಅದಕ್ಕೆ ಪರ್ಯಾಯವೆಂಬ ಸರ್ವಜಘನ್ಯ ಶ್ರುತಜ್ಞಾನ ನಿರಾವರಣವಾಗಿ ಇದ್ದೇ ಇರುತ್ತದೆ. ಇತ್ತ ಸಯೋಗಕೇವಲಿಗಳಿಗೆ ದ್ರವ್ಯಮನವಿದ್ದರೂ ಅವರು ಅದರಿಂದ ಅರಿಯುವುದಿಲ್ಲ; ಸಂಜ್ಞಿ ಅಸಂಜ್ಞಿ ಎಂಬ ವ್ಯಪದೇಶವೇ ಅವರಿಗೆ ಸಲ್ಲದು. ವಿಚಾರವ್ಯಾಪಾರವಿಲ್ಲದೆಯೂ ಚೇತನವಿರಬಹುದು ಎಂದು ಇಷ್ಟರಿಂದ ಸಿದ್ಧವಾಯಿತು. ಹಾಗಾದರೆ ವಿಚಾರವನ್ನು ಹೋಲುವ ವ್ಯಾಪಾರವು ಚೇತನವಿಲ್ಲದೆಯೂ ನಡೆಯುವುದಾದರೆ ಸಿದ್ಧಾಂತಕ್ಕೆ ಹಾನಿಯೇನೂ ಇಲ್ಲ. ಮನಸ್ಸನ್ನು ಆತ್ಮದೊಡನೆ ಒಂದುಮಾಡಿದ ಪಶ್ಚಿಮದ ಆತ್ಮವಾದಿಗೆ ಯಂತ್ರವು ತಂದೊಡ್ಡುವ ಗಾಬರಿ ಇಲ್ಲಿಗೆ ಬರಬೇಕಾಗಿಲ್ಲ. ಆ ಜಘನ್ಯಜ್ಞಾನವನ್ನೂ ಆಚಾರ್ಯರು ಅವಿಭಾಗಪ್ರತಿಚ್ಛೇದಗಳಿಂದ ಎಣಿಸಿದ್ದಾರೆ. ಎಣಿಕೆಗೆ ಒಳಗಾಗುವುದು ಬೇರೆ, ಎಣಿಕೆಯೇ ಆಗಿರುವುದು ಬೇರೆ ಎಂಬ ವಿವೇಕ ಅವರಿಗಿತ್ತು.

ಧವಲೆಯ ಪ್ರತಿಗಳ ಇತಿಹಾಸ ಈ ವಿವೇಕಕ್ಕೆ ಒಂದು ಉದಾಹರಣೆಯನ್ನು ಒದಗಿಸುತ್ತದೆ. ಮೂಡಬಿದಿರೆಯ ಹಳೆಗನ್ನಡ ಲಿಪಿಯ ಓಲೆಗಳಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ಮೊದಲಾಯಿತು. ಸೊಲ್ಲಾಪುರದ ಹೀರಾಚಂದ ನೇಮಚಂದರೂ ಮುಂಬಯಿಯ ಮಾಣಿಕಚಂದರೂ ಪ್ರೇರಕರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಲಿಪಿಕಾರರು. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಮಾಡಿಕೊಂಡ ಕನ್ನಡ ಪ್ರತಿಯು ಸಹಾರನಪುರಕ್ಕೆ ಹೋಯಿತು. ಅಲ್ಲಿ ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿಗಳಿಂದ ನಾಗರಿಗೆ ಇಳಿಯಿತು. ಸೀತಾರಾಮ ಶಾಸ್ತ್ರಿಗಳು ಉಳಿಸಿಕೊಂಡ ಪ್ರತಿಯಿಂದ ಆರಾ, ಕಾರಂಜಾ ಮುಂತಾದ ಕಡೆಗೆ ಪ್ರತಿಗಳು ಹರಡಿದವು. ೧೯೩೯ರಲ್ಲಿ ಹೀರಾಲಾಲ ಜೈನರು ಮೊದಲ ಸಂಪುಟವನ್ನು ಪ್ರಕಟಿಸಿದಾಗ ಕೈಯಲ್ಲಿದ್ದುದು ಈ ಪ್ರತಿಗಳ ಪ್ರತಿಗಳೇ. ಓಲೆ ಕಾಗದವಾಯಿತು, ಕನ್ನಡ ನಾಗರಿಯಾಯಿತು, ಕೊನೆಗೆ ಸೀಸದ ಅಚ್ಚಾಯಿತು. ಧವಲೆ ಧವಲೆಯಾಗಿಯೇ ಉಳಿಯಿತು. ದ್ರವ್ಯ ಬದಲಾದರೂ ರಚನೆ ಉಳಿಯುವುದೆಂಬ ಗಣನಾವಾದಿಯ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಆದರೆ ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ಈ ಪ್ರತಿಗಳು ‘ಸಂಜದ’ ಎಂಬ ಪದವನ್ನು ಕಳೆದುಕೊಂಡಿದ್ದವು. ಮೂರೇ ಅಕ್ಷರಗಳು, ಅವುಗಳಿಂದ ಮನುಷ್ಯಿಣಿಯರ ಗುಣಸ್ಥಾನಗಳ ಪ್ರಶ್ನೆಯೇ ತಿರುಗುತ್ತದೆ. ಸಂಪಾದಕರು ಪ್ರತಿಗಳಲ್ಲಿ ಇಲ್ಲದುದನ್ನು ಮೂಲದಲ್ಲಿ ಸೇರಿಸದೆ, ಇಲ್ಲಿ ಆ ಪದ ಉಳಿದಿರುವಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸೂತ್ರದ ಕೆಳಗೆ ವೀರಸೇನಸ್ವಾಮಿಗಳು ನಡೆಸಿರುವ ಚರ್ಚೆ, ಭಾವಸ್ತ್ರೀವಿಶಿಷ್ಟವಾದ ಮನುಷ್ಯಗತಿಯಲ್ಲಿ ಹದಿನಾಲ್ಕು ಗುಣಸ್ಥಾನಗಳು ಹೇಗೆಂಬ ಚರ್ಚೆ, ಆ ಪದವಿಲ್ಲದೆ ಏಳುವುದೇ ಇಲ್ಲ ಎಂಬುದು ಅವರ ಊಹೆಗೆ ಆಧಾರ. ಪಂಡಿತರಲ್ಲಿ ದೀರ್ಘವಾದ, ಕೆಲವೊಮ್ಮೆ ಕಹಿಯಾದ ವಿವಾದ ನಡೆಯಿತು. ಮುಂದೆ ಮೂಡಬಿದಿರೆಯ ತಾಡವೋಲೆಯ ಪಾಠವನ್ನು ನೋಡಿದಾಗ ಪದವು ಅಲ್ಲಿದ್ದಿತು.

ಲಿಪಿಕಾರನ ಕೈ ಅಕ್ಷರಗಳನ್ನು ಸಾಗಿಸಿತು, ಸಂಪಾದಕರ ಉಪಯೋಗವು ಕೊರತೆಯನ್ನು ಕಂಡಿತು ಎಂದು ಈ ಪ್ರಸಂಗವನ್ನು ಮುಗಿಸಿಬಿಡುವ ಆಸೆಯಾಗಬಹುದು. ಅದು ಸಾಲದು. ಪಾಠಗಳ ರಾಶಿಯನ್ನೇ ಉಂಡ ಇಂದಿನ ಯಂತ್ರಗಳು ಬಿಟ್ಟುಹೋದ ಪದವನ್ನು ಊಹಿಸುವುದರಲ್ಲಿ ನಿಪುಣವಾಗಿವೆ. ಇಡೀ ಷಟ್ಖಂಡಾಗಮವನ್ನು ಕೊಟ್ಟರೆ ‘ಸಂಜದ’ವನ್ನು ಅವೂ ಸೂಚಿಸಬಹುದು. ಪದವನ್ನು ಒದಗಿಸುವ ಸಾಮರ್ಥ್ಯವೇ ಉಪಯೋಗದ ಲಕ್ಷಣವೆಂದರೆ ಜೈನನು ಸೋತಂತೆಯೇ. ಚೈತನ್ಯವನ್ನು ಅನುಸರಿಸುವ ಪರಿಣಾಮವೇ ಉಪಯೋಗವೆಂದು ಲಕ್ಷಣ ಹೇಳಿದ ಪೂಜ್ಯಪಾದರು ಅದನ್ನು ಕಾರ್ಯದಿಂದ ಅಳೆಯಲಿಲ್ಲ. ನಿಕ್ಷೇಪಪ್ರಕರಣದಲ್ಲಿ ಈ ನಿಷ್ಠುರತೆ ಇನ್ನೂ ಸ್ಪಷ್ಟ. ಪ್ರಾಭೃತವನ್ನು ಬಲ್ಲವನಾಗಿದ್ದೂ ಆಗ ಅದರಲ್ಲಿ ಉಪಯುಕ್ತನಾಗಿಲ್ಲದ ಆತ್ಮನು ಆಗಮದ್ರವ್ಯ ಮಾತ್ರ, ಉಪಯುಕ್ತನಾದಾಗಲೇ ಆಗಮಭಾವ. ಬಾಯಲ್ಲಿ ಸೂತ್ರ ತಪ್ಪಿಲ್ಲದೆ ಹರಿಯುತ್ತ ಮನಸ್ಸು ಊಟದ ಮನೆಯಲ್ಲಿರುವ ಶಾಸ್ತ್ರಿಗೂ ಈ ಗಳಿಗೆಯಲ್ಲಿ ‘ದ್ರವ್ಯ’ವೆಂಬ ಹೆಸರೇ. ಯಂತ್ರಕ್ಕೆ ಅಷ್ಟನ್ನೂ ಕೊಡಲಾಗದು, ಏಕೆಂದರೆ ಆ ಶಾಸ್ತ್ರಿಗೆ ಲಬ್ಧಿಯಾದರೂ ಇದೆ.

ಹಳೆಯ ಹೇತುಗಳೆಲ್ಲವೂ ಇಂದು ಸಮಬಲದವುಗಳಲ್ಲ ಎಂಬುದನ್ನೂ ಹೇಳಬೇಕು. ಅಂದೇ ಹುಟ್ಟಿದ ಶಿಶು ಸ್ತನ್ಯವನ್ನು ಬಯಸುವುದರಿಂದ ಪೂರ್ವಸಂಸ್ಕಾರವುಳ್ಳ ಅನಾದಿ ಆತ್ಮನನ್ನು ಸಾಧಿಸುವ ಅನುಮಾನ ನ್ಯಾಯಗ್ರಂಥಗಳಲ್ಲಿ ಪ್ರಸಿದ್ಧ. ಗಣನಾವಾದಿ ಅದಕ್ಕೆ, ದೇಹದಲ್ಲಿಯೇ ಮೊದಲು ಹೊಂದಿಸಿಟ್ಟ ನಿಯಮವೆಂದು ಸುಲಭವಾಗಿ ಉತ್ತರ ಕೊಟ್ಟಾನು. ಆ ಹೇತುವನ್ನು ಮುಂದಿಟ್ಟುಕೊಂಡು ಹೋರುವುದಕ್ಕಿಂತ ಸ್ವಸಂವೇದನದ ಹೇತುವನ್ನು ಆಶ್ರಯಿಸುವುದು ಮೇಲು. ‘ನಾನು ಸುಖಿ, ನಾನು ದುಃಖಿ’ ಎಂಬ ಪ್ರತೀತಿಯನ್ನು ಯಾವ ಸಂಕೇತದಿಂದ ಓದಿದರೂ ಅದು ಋಣ ಒಂದಾಗಿಯೂ ಏಕಟ್ಠಿಯಾಗಿಯೂ ಬದಲಾಗುವುದಿಲ್ಲ. ಅದನ್ನು ಅದೆಂದು ಮಾಡಲು ಹೊರಗಿನ ಓದುಗನ ಅಪೇಕ್ಷೆಯಿಲ್ಲ.

ಉಳಿಯುವ ತೊಡಕು ಜೈನಪಕ್ಷದ್ದೇ. ಭಾವಮನವು ಉಪಯೋಗಲಕ್ಷಣವೂ ಹೌದು, ಪೌದ್ಗಲಿಕವೂ ಹೌದು ಎಂದ ಪೂಜ್ಯಪಾದರ ಮಾತಿನಲ್ಲಿ ‘ಅವಲಂಬನ’ ಎಂಬ ಪದ ಎಷ್ಟು ಭಾರವನ್ನು ಹೊರುತ್ತದೆ? ಅವಲಂಬನವು ನಿಮಿತ್ತಮಾತ್ರವೆಂದರೆ ಚೈತನ್ಯವು ಪುದ್ಗಲದಿಂದ ಬೇರೆಯಾಗಿ ನಿಲ್ಲುತ್ತದೆ. ಅದಕ್ಕಿಂತ ಗಾಢವಾದುದೆಂದರೆ ಭೌತವಾದಿಗೆ ಬಾಗಿಲು ಅರೆತೆರೆದಂತೆ. ಅಕಲಂಕರ ರಾಜವಾರ್ತಿಕದಲ್ಲಿಯೂ ವಿದ್ಯಾನಂದರ ಶ್ಲೋಕವಾರ್ತಿಕದಲ್ಲಿಯೂ ಅದೇ ಸೂತ್ರದ ವ್ಯಾಖ್ಯಾನವನ್ನು ಕೇಶವಣ್ಣನ ವೃತ್ತಿಯ ಮನೋಯೋಗಪ್ರಕರಣದೊಡನೆ ಸಾಲುಸಾಲಾಗಿ ಹೋಲಿಸಿ ನೋಡುವ ಕೆಲಸ ತುಳುನಾಡಿನ ಭಂಡಾರಗಳ ಓಲೆಗಳಿಂದಲೇ ಮೊದಲಾಗಬೇಕು.